ಹಸಿರು ಬಳಿದ ಕೋಟು

ಬಂಟ್ವಾಳದ ನಮ್ಮ ಮನೆಯ ಚಾವಡಿಯಲ್ಲಿ ಮಾವನ ಫೋಟೋ ದೇವರ ಪಟಗಳಿಗಿಂತ ಒಂದು ಗೇಣು ಮೇಲಿತ್ತು. ಮಾವ ಎಂದರೆ ಅಮ್ಮನ ತಮ್ಮ. ಮಿಲಿಟರಿಯಲ್ಲಿ ಸುಬೇದಾರನಾಗಿದ್ದನಂತೆ, ಮದುವೆಯಾಗುವ ಮೊದಲೇ ಚೀನಾ ಯುದ್ಧದಲ್ಲಿ, ಹಿಮದ ನಡುವೆ ಸತ್ತನಂತೆ. ನಾನು ಅವನನ್ನು ಕಂಡದ್ದಿಲ್ಲ. ಆದರೂ ಶಾಲೆಯಲ್ಲಿ ಯಾರಾದರೂ ತಮ್ಮ ಮನೆಯವರ ಬಗ್ಗೆ ಜಂಬ ಕೊಚ್ಚಿಕೊಂಡರೆ ನಾನು ಆ ಹಿಮವನ್ನು ತಂದು ಅವರ ಮೇಲೆ ಸುರಿಯುತ್ತಿದ್ದೆ.

ಫೋಟೋದಲ್ಲಿ ಅವನು ಎರಡು ಸಾಲು ಗುಂಡಿಗಳ ಉದ್ದ ಕೋಟು ತೊಟ್ಟು ಎದೆ ಸೆಟೆಸಿ ನಿಂತಿದ್ದ. ಹೆಗಲ ತುದಿಯಲ್ಲಿ ಕುಚ್ಚು, ಹೆಗಲಿನಿಂದ ಕಂಕುಳಿನ ಕೆಳಗೆ ಇಳಿದ ದಪ್ಪ ಹುರಿ, ಮುಂಗೈ ಸುತ್ತ ಹೊಳೆಯುವ ಮೂರು ಪಟ್ಟಿ, ಕೈಗೆ ಬಿಳಿ ಗವಸು. ಮೂಲದಲ್ಲಿ ಅದು ಕಪ್ಪು ಬಿಳುಪಿನದು. ಬಾಂಗ್ಲಾ ಯುದ್ಧದ ಸಮಯದಲ್ಲಿ, ಊರೆಲ್ಲ ಸೈನಿಕರ ಗುಣಗಾನ ನಡೆಯುತ್ತಿದ್ದಾಗ, ಅಮ್ಮ ಅದನ್ನು ಪಾಣೆಮಂಗಳೂರಿನ ಒಂದು ಸ್ಟುಡಿಯೋಗೆ ಒಯ್ದು ಬಣ್ಣ ಹಾಕಿಸಿದಳು. ಸ್ಟುಡಿಯೋದವನು ಕೋಟಿಗೆ ಹಸಿರು ಬಳಿದ, ಗುಂಡಿಗಳಿಗೆ ಚಿನ್ನದ ಬಣ್ಣ, ತುಟಿಗೆ ಕೇಳದೆಯೇ ಸ್ವಲ್ಪ ಕೆಂಪು. ಆ ವರ್ಷ ಹತ್ತಿರದ ಶಾಲೆಯವರು ಅಮ್ಮನನ್ನು ಕರೆದು ಶಾಲು ಹೊದೆಸಿದರು. ಪೆನ್ಶನ್ ಬರುವುದಿಲ್ಲವಾ ಎಂದು ಪಕ್ಕದ ಮನೆಯಾಕೆ ಕೇಳಿದಾಗ ಮದುವೆಯಾಗದವನಿಗೆ ಎಂಥ ಪೆನ್ಶನ್ ಎಂದು ಅಮ್ಮ ಅವಳ ಬಾಯಿ ಮುಚ್ಚಿಸಿದಳು.

ನಾನು ಮೂಡುಬಿದಿರೆಯಲ್ಲಿ ಕಾಲೇಜಿಗೆ ಸೇರಿದ ಮೇಲೆ ಎನ್‌ಸಿಸಿಗೂ ಸೇರಿದೆ. ಮಾವನ ರಕ್ತ ಎಂದು ಅಮ್ಮ ಬೀಗಿದಳು. ಅಲ್ಲಿ ನಮಗೆ ಕವಾಯತಿನ ಜೊತೆ ರ್‍ಯಾಂಕುಗಳ ಗುರುತು ಕಲಿಸಿದರು. ರಜೆಯಲ್ಲಿ ಮನೆಗೆ ಬಂದು ಕುರ್ಚಿ ಹತ್ತಿ ಫೋಟೋ ನೋಡಿದರೆ ನಾನು ಕಲಿತ ಯಾವುದೂ ಅಲ್ಲಿ ಇರಲಿಲ್ಲ. ಅಮ್ಮನಿಗೆ ಹೇಳಿದೆ. "ಆಗಿನ ಮಿಲಿಟರಿ ಬೇರೆ, ನಿನ್ನ ಎನ್‌ಸಿಸಿ ಬೇರೆ. ಕೆಳಗೆ ಇಳಿ" ಎಂದಳು. ಮಿಲಿಟರಿಯಲ್ಲಿ ಹೀಗೂ ಇದ್ದಿರಬಹುದು ಎಂದು ನಾನೂ ಇಳಿದೆ.

ಆಗ ಮನೆಯಲ್ಲಿ ಎಲ್ಲರ ಚಿಂತೆ ಅಕ್ಕನ ಮದುವೆ. ನೋಡಿ ಒಪ್ಪಿ ಹೋದವರೂ ಆಮೇಲೆ ಬೇಡವೆನ್ನುತ್ತಿದ್ದರು. ಬೆಳ್ತಂಗಡಿಯ ಒಂದು ಸಂಬಂಧವಂತೂ ದಿನ ಗೊತ್ತು ಮಾಡಿದ ಮೇಲೆ ತಪ್ಪಿತು. ಅಕ್ಕ ಸೀರೆ ಉಟ್ಟು ಕಾಫಿ ತರುವುದನ್ನೇ ಬಿಟ್ಟಳು, ಹಿತ್ತಿಲ ಬಾವಿಕಟ್ಟೆಯಲ್ಲಿ ಕೂತು ಬಿಡುತ್ತಿದ್ದಳು. ಜೋಯಿಸರು ಕವಡೆ ಹಾಕಿ, ಮನೆಯಲ್ಲಿ ಮದುವೆಯಾಗದೆ ಹೋದ ಜೀವವೊಂದು ಉಂಟು, ಅದಕ್ಕೆ ಮದುವೆ ಮಾಡದೆ ಈ ಹುಡುಗಿಗೆ ಮದುವೆ ಇಲ್ಲ ಎಂದರು. ನಮ್ಮ ಕಡೆ ಇದು ಹೊಸತಲ್ಲ. ಮದುವೆಯಾಗದೆ ಸತ್ತ ಗಂಡಿಗೆ ಹಾಗೆಯೇ ಸತ್ತ ಹೆಣ್ಣನ್ನು ಹುಡುಕಿ, ಬದುಕಿರುವವರಿಗೆ ಮಾಡುವಂತೆಯೇ ಬಳಿ ಅಂದರೆ ಕುಲ, ವಯಸ್ಸು, ಮನೆತನ ಎಲ್ಲ ವಿಚಾರಿಸಿ, ಮಳೆಗಾಲದ ಆಟಿ ತಿಂಗಳಲ್ಲಿ ಪ್ರೇತ ಮದುವೆ ಮಾಡುತ್ತಾರೆ. ತಾಯಿಮನೆಯ ವಿಷಯ ಎಂದು ಅಪ್ಪ ಇದಕ್ಕೆ ತಲೆ ಹಾಕಲಿಲ್ಲ.

ಮೂಡುಬಿದಿರೆ ಹತ್ತಿರದ ಪುತ್ತಿಗೆಯಲ್ಲಿ ಜ್ವರದಲ್ಲಿ ತೀರಿಕೊಂಡ ಹುಡುಗಿಯೊಬ್ಬಳು ಸಿಕ್ಕಿದಳು. ಗಂಡನ್ನು ನೋಡಲು ಹುಡುಗಿಯ ಸೋದರಮಾವ ಬಂದರು. ನೋಡುವುದೆಂದರೆ ಫೋಟೋವನ್ನು. ಕೂತ ಮೇಲೆ ಗೊತ್ತಾಯಿತು, ಅವರು ಮಿಲಿಟರಿಯಲ್ಲಿ ಹವಿಲ್ದಾರರಾಗಿದ್ದು ನಿವೃತ್ತರಾದವರು. ಅಮ್ಮನ ಮುಖದಲ್ಲಿ ಒಂದು ಗಳಿಗೆ ಏನೋ ಸರಿಯಿತು. ಆದರೆ ಅವಳು ಹಿಂದೆ ಸರಿಯುವವಳಲ್ಲ.

"ಯಾವ ರೆಜಿಮೆಂಟು?" ಎಂದು ಅವರು ಕೇಳಿದರು.

"ಬೊಂಬಾಯಿಯದ್ದು" ಎಂದಳು ಅಮ್ಮ. "ಸುಬೇದಾರ. ನಮ್ಮ ಸಣ್ಣವಳೂ ಎನ್‌ಸಿಸಿಯಲ್ಲಿ ಉಂಟು. ಬೇಕಾದ್ರೆ ಅವಳೇ ಹೇಳ್ತಾಳೆ" ಎಂದು ನನ್ನನ್ನು ತೋರಿಸಿದಳು.

ಅವರು ಫೋಟೋ ಕೆಳಗಿಳಿಸಲು ಹೇಳಿ, ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟು ಇರಲಿಲ್ಲ.

"ಸುಬೇದಾರನ ಹೆಗಲಲ್ಲಿ ಏನು ಇರ್ತದೆ ಮಗಾ?"

"ಎರಡು ನಕ್ಷತ್ರ."

"ಇಲ್ಲಿ ಉಂಟಾ?"

"ಇಲ್ಲ."

"ಮೂರು ಪಟ್ಟಿ ಇದ್ರೆ ಯಾರು?"

"ಹವಿಲ್ದಾರ. ಆದರೆ ಅದು ತೋಳಿನ ಮೇಲೆ."

"ಇಲ್ಲಿ ಎಲ್ಲಿ ಉಂಟು?"

"ಮುಂಗೈಯಲ್ಲಿ" ಎಂದೆ. ಬಾಗಿಲ ಸಂದಿಯಲ್ಲಿ ಅಕ್ಕನ ಸೆರಗು ಕಾಣುತ್ತಿತ್ತು. ನೆಲ ಬಾಯಿ ಬಿಟ್ಟು ನುಂಗಿದರೆ ಸಾಕು ಅನ್ನಿಸಿತು.

ಅವರು ಗುಂಡಿಗಳ ಮೇಲೆ ಬೆರಳಿಟ್ಟರು. "ಕುಚ್ಚು, ಹುರಿ, ಗವಸು. ಯುದ್ಧಕ್ಕೆ ಹೋಗುವವನಿಗೆ ಇದೆಲ್ಲ ಯಾಕೆ? ರಜೆಗೆ ಬರುವಾಗ ಬೊಂಬಾಯಿಯಲ್ಲಿ ದೊಡ್ಡ ಹೋಟೆಲುಗಳ ಎದುರು ತಿರುಗಾಡಿದ್ದೇನೆ. ಕಾರಿನ ಬಾಗಿಲು ತೆಗೆದು ಸೆಲ್ಯೂಟ್ ಹೊಡೆಯುವವರ ಡ್ರೆಸ್ ಇದು. ಒಮ್ಮೆ ಗೊತ್ತಾಗದೆ ನಾನೂ ವಾಪಸ್ ಸೆಲ್ಯೂಟ್ ಹೊಡೆದಿದ್ದೆ ಮಾರಾಯ್ರೇ."

ಅಮ್ಮ ನೆಲ ನೋಡುತ್ತ ಕೂತಿದ್ದಳು. ಹೋಟೆಲಿನ ಬಾಗಿಲು ಕಾಯುವವನನ್ನು ನಾನು ಇಷ್ಟು ವರ್ಷ ಹಿಮದಲ್ಲಿ ನಿಲ್ಲಿಸಿದ್ದೆನಲ್ಲ, ಎಷ್ಟು ಜನರಿಗೆ ಹೇಳಿದ್ದೆನಲ್ಲ ಎಂದು ನೆನೆದೆ. ಅವನ ಕೆಲಸದ ಮೇಲೆಯೇ ನನಗೆ ಅಸಹ್ಯವಾಯಿತು ಎಂದರೆ ಸರಿ.

ಅವರು ಎದ್ದರು. ಅಮ್ಮ ಆಗ ಮಾತ್ರ ತಲೆಯೆತ್ತಿ, "ಬೇಡ ಅಂತ ಹೇಳ್ಬೇಡಿ. ನನ್ನ ದೊಡ್ಡ ಮಗಳ ಬದುಕು ನಿಂತುಹೋಗಿದೆ" ಎಂದಳು.

"ನಮಗೆ ಮೋಸ ಮಾಡಿದ್ದು ಇರ್ಲಿ" ಎಂದರು ಅವರು. "ನಾವು ಸತ್ತ ಹುಡುಗಿಗೆ ಎಲೆಯಲ್ಲಿ ಅನ್ನ ಬಡಿಸಿ, ಸುಬೇದಾರ ಗಂಡು ಸಿಕ್ಕಿದ ಅಂತ ಹೇಳಿ ಆಗಿದೆ. ಸತ್ತವಳ ಹತ್ತಿರ ಸುಳ್ಳು ಹೇಳಿದ ಹಾಗಾಯ್ತು. ನೀವೇ ಬಂದು ಅವಳ ಎದುರು ನಿಜ ಹೇಳಿ. ಮತ್ತೆ ಅವಳ ತಾಯಿ ಹೇಳಿದ ಹಾಗೆ."

ಮುಂದಿನ ವಾರ ಅಮ್ಮ ನನ್ನನ್ನು ಕರೆದುಕೊಂಡು ಪುತ್ತಿಗೆಗೆ ಹೋದಳು. ಅವರ ಮನೆಯ ಒಳಕೋಣೆಯಲ್ಲಿ ಒಂದು ಮಣೆ, ಅದರ ಮೇಲೆ ಮಡಿಸಿಟ್ಟ ಸೀರೆ, ಎದುರಿಗೆ ಬಾಳೆಲೆಯಲ್ಲಿ ಅನ್ನ. ಹುಡುಗಿಯ ತಾಯಿ ಮಣೆಯ ಪಕ್ಕ ಕೂತು, "ಅವಳ ಪರವಾಗಿ ನಾನು ಕೇಳ್ತೇನೆ" ಎಂದರು. ಹವಿಲ್ದಾರರು ಬಾಗಿಲ ಬಳಿ ನಿಂತರು. ಅಮ್ಮ ಸೀರೆಯ ಕಡೆ ಮುಖ ಮಾಡಿ ಕೂತಳು.

"ನನ್ನ ತಮ್ಮ ಸುಬೇದಾರ ಅಲ್ಲ. ಹೋಟೆಲಿನ ಬಾಗಿಲಲ್ಲಿ ನಿಲ್ಲುತ್ತಿದ್ದ" ಎಂದಳು. ಅಲ್ಲಿಗೆ ಮುಗಿಯಿತು, ಇನ್ನು ಏಳಬಹುದು ಎಂದುಕೊಂಡೆ ನಾನು.

"ಕುಡಿಯುತ್ತಿದ್ದನಾ?" ಎಂದು ಆ ತಾಯಿ ಕೇಳಿದರು.

"ಸ್ವಲ್ಪ."

"ಹೊಡೆಯುವ ಜಾತಿಯಾ?"

"ಇಲ್ಲಪ್ಪ. ಎಲ್ಲದಕ್ಕೂ ನಗಾಡುವವನು."

"ಯುದ್ಧಕ್ಕೇ ಹೋಗದವನು ಸತ್ತದ್ದು ಹೇಗೆ?"

"ಕಾಯಿಲೆಯಲ್ಲಿ. ಬೊಂಬಾಯಿಯ ಆಸ್ಪತ್ರೆಯಲ್ಲಿ. ಚೀನಾ ಯುದ್ಧಕ್ಕಿಂತ ಎಷ್ಟೋ ಮೊದಲೇ."

"ಹತ್ತಿರ ಯಾರಿದ್ರು?"

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಯಾರೂ ಇಲ್ಲ" ಎಂದಳು. "ತುಂಬ ಹುಷಾರಿಲ್ಲ, ಒಬ್ಬರಾದ್ರೂ ಬನ್ನಿ ಅಂತ ಊರಿಗೆ ಬರುವವರ ಹತ್ತಿರ ಹೇಳಿ ಕಳಿಸಿದ್ದ. ನನ್ನ ಮದುವೆ ಹತ್ತಿರ ಇತ್ತು. ಮದುವೆ ಮುಗಿಸಿ ಹೋಗುವ ಅಂದ್ರು ದೊಡ್ಡವರು. ನಾನೂ ಹಾಗೇ ಅಂದೆ. ಅವನು ತೀರಿಹೋದ ಸುದ್ದಿ ಬಂದಾಗ ಅಂಗಳದಲ್ಲಿ ಚಪ್ಪರ ಹಾಕಿ ಆಗಿತ್ತು. ಸೂತಕ ಅಂದ್ರೆ ಮದುವೆ ನಿಲ್ತದೆ ಅಂತ ಯಾರಿಗೂ ಹೇಳಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೇ ಮಣೆ ಮೇಲೆ ಕೂತೆ."

ಆಮೇಲೆ ಅವಳು ನಿಲ್ಲಿಸಲಿಲ್ಲ. ಯಾರಾದರೂ ಕೇಳಿದರೆ ಮನೆಯವರು ಮಿಲಿಟರಿಗೆ ಸೇರಿದ್ದಾನೆ, ರಜೆ ಇಲ್ಲ ಎಂದು ಹೇಳುತ್ತ ಬಂದರಂತೆ. ಫೋಟೋ ನೋಡಿ ಊರವರೂ ನಂಬಿದರು. ಸತ್ತವನನ್ನು ಅಷ್ಟು ವರ್ಷ ಬದುಕಿಸಿಟ್ಟುಕೊಂಡು, ಚೀನಾ ಯುದ್ಧ ಬಂದಾಗ ಅದರಲ್ಲಿ ಹೋದ ಎಂದರಂತೆ. "ಯುದ್ಧದಲ್ಲಿ ಸತ್ತವನನ್ನು ನೋಡ್ಲಿಕ್ಕೆ ಮನೆಯವರು ಯಾಕೆ ಹೋಗ್ಲಿಲ್ಲ ಅಂತ ಯಾರೂ ಕೇಳುವುದಿಲ್ಲವಲ್ಲ" ಎಂದಳು ಅಮ್ಮ.

ಸುಬೇದಾರ ಎಂಬ ಜಂಬಕ್ಕಾಗಿ ಹೇಳಿದ ಸುಳ್ಳು ಎಂದು ನಾನು ಒಂದು ವಾರವಿಡೀ ಅವಳ ಹತ್ತಿರ ಮುಖ ಸಿಂಡರಿಸಿಕೊಂಡಿದ್ದೆ. ಈಗ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಆ ಮದುವೆ ನಿಂತಿದ್ದರೆ ಅಕ್ಕನೂ ಇಲ್ಲ, ನಾನೂ ಇಲ್ಲ. ಆ ಚಪ್ಪರದ ಊಟ ಉಂಡವರಲ್ಲಿ ನಾವೂ ಸೇರಿದ್ದೆವು ಅನ್ನಿಸಿತು.

ಹುಡುಗಿಯ ತಾಯಿ ಸೀರೆಯ ಮಡಿಕೆಯನ್ನು ಒಮ್ಮೆ ಸರಿಪಡಿಸಿದರು. ಮತ್ತೆ ತಮ್ಮ ಅಣ್ಣ ಹವಿಲ್ದಾರರ ಕಡೆ ತಿರುಗಿ, "ಆಟಿಯಲ್ಲೇ ಧಾರೆ ಇಡುವ" ಎಂದರು. ಅಮ್ಮನಿಗೆ ಹೇಳಿದ್ದು ಇಷ್ಟೇ: "ಇನ್ನು ಅವನ ಹತ್ತಿರ ನಮ್ಮ ಹುಡುಗಿ ಇರ್ತಾಳೆ. ನೀವು ಏಳಿ."

ಅಕ್ಕನ ಮದುವೆ ಮರುವರ್ಷ ವಿಟ್ಲದ ಕಡೆ ಆಯಿತು, ಅದು ಬೇರೆ ಮಾತು. ಆ ದಿನ ನಾವಿಬ್ಬರೂ ಪುತ್ತಿಗೆಯ ರಸ್ತೆ ಬದಿಯಲ್ಲಿ ಬಸ್ಸಿಗೆ ಕಾದು ನಿಂತಿದ್ದೆವು. ಬಿಸಿಲಿಗೆ ಅಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು. ರಸ್ತೆಯನ್ನೇ ನೋಡುತ್ತ, "ನನ್ನಿಂದ ನಿನಗೆ ನಾಚಿಕೆ ಆಯ್ತಾ?" ಎಂದು ಕೇಳಿದಳು.

"ಇಲ್ಲ" ಎಂದೆ.

"ಆಗಿದ್ರೆ ಆಯ್ತು ಅಂತ ಹೇಳು" ಎಂದಳು. "ಇಷ್ಟು ವರ್ಷ ಆ ನಾಚಿಕೆ ನಾನೊಬ್ಬಳೇ ಪಟ್ಟದ್ದು."

"ಆಯ್ತು ಅಮ್ಮಾ" ಎಂದೆ.