ತಪ್ಪನ್ನು ಮೊದಲು ಬರೆಯುತ್ತಿದ್ದ ಬ್ಯಾಂಡ್ ಮೇಷ್ಟ್ರು

ಮೇಷ್ಟ್ರ ಮೇಲ್ತುಟಿಯ ನಟ್ಟನಡುವೆ ಅರ್ಧಚಂದ್ರದಂಥ ಒಂದು ಗುರುತಿತ್ತು. ಕಾರ್ನೆಟ್ ಎಂಬ ಊದುವ ವಾದ್ಯದ ಹಿತ್ತಾಳೆ ಬಾಯಿಯನ್ನು ಮೂವತ್ತು ವರ್ಷ ಒತ್ತಿ ಒತ್ತಿ ಆದದ್ದು. ಮೀಸೆ ಇದ್ದರೆ ಊದುವಾಗ ತುಟಿ ಸರಿಯಾಗಿ ಕೂರುವುದಿಲ್ಲವೆಂದು ದಿನವೂ ನುಣ್ಣಗೆ ಕ್ಷೌರ ಮಾಡಿಕೊಳ್ಳುತ್ತಿದ್ದರು. ಹಾಗಾಗಿ ಗುರುತು ದೂರದಿಂದಲೇ ಕಾಣುತ್ತಿತ್ತು. ಮೊದಲ ಸಲ ನೋಡಿದಾಗ ನಾನು ಯಾವುದೋ ಹಳೆಯ ಸುಟ್ಟ ಗಾಯವೆಂದುಕೊಂಡಿದ್ದೆ.

ಅದು ತೊಂಬತ್ತರ ದಶಕದ ನಡುಭಾಗ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನಾನು ಕೆಲಸಕ್ಕಿದ್ದೆ. ಕಲಿಸುವ ಕೆಲಸವಲ್ಲ. ಮೂಲೆಯಲ್ಲಿ ಕನ್ನಡ ಟೈಪ್‌ರೈಟರಿನ ಮುಂದೆ ಕೂತು, ಜನ ತಂದುಕೊಟ್ಟ ಅರ್ಜಿ, ಕರಾರು ಪತ್ರ, ದೂರುಗಳನ್ನು ಟೈಪ್ ಮಾಡಿಕೊಡುವುದು. ಮಾತಾಡಬೇಕಾದ್ದು ಕಡಿಮೆ ಎಂಬ ಕಾರಣಕ್ಕೆ ನಾನೇ ಕೇಳಿ ಪಡೆದ ಕೆಲಸ ಅದು. ಎರಡು ವರ್ಷ ಮುಂಚೆ ಥೈರಾಯ್ಡ್ ಆಪರೇಷನ್ ಆದಮೇಲೆ ನನ್ನ ಧ್ವನಿ ಕೆಟ್ಟಿತ್ತು. ಪೂರ್ತಿ ಹೋಗಿರಲಿಲ್ಲ, ಗೊಗ್ಗರಾಗಿ, ಅರ್ಧ ಗಾಳಿ ಬೆರೆತು ಬರುತ್ತಿತ್ತು. ಫೋನೆತ್ತಿದರೆ ಆ ಕಡೆಯವರು "ಸಾರ್" ಎನ್ನುತ್ತಿದ್ದರು. ನವರಾತ್ರಿಯಲ್ಲಿ ಬೊಂಬೆ ಕೂರಿಸಿದ ಮನೆಗಳಿಗೆ ಕರೆಸಿಕೊಂಡು ಹಾಡಿ ಬರುತ್ತಿದ್ದವಳು ಈಗ ತರಕಾರಿ ಅಂಗಡಿಯಲ್ಲೂ ಬೆರಳು ತೋರಿಸಿ ಕೊಳ್ಳುವವಳಾಗಿದ್ದೆ.

ಒಂದು ಶನಿವಾರ ಮಧ್ಯಾಹ್ನ ಅವರು ಮೆಟ್ಟಿಲು ಹತ್ತಿ ಬಂದು, ನೋಟ್‌ಬುಕ್ಕಿನಿಂದ ಕಿತ್ತ ಹಾಳೆಯೊಂದನ್ನು ನನ್ನ ಮುಂದಿಟ್ಟರು. ಮೇಲೆ ದಪ್ಪಕ್ಷರದಲ್ಲಿ 'ಬ್ಯಾಂಡ್ ಸಮಾಚಾರ' ಎಂದಿತ್ತು.

"ಒಂದೇ ಪುಟಕ್ಕೆ ಬರೋ ಹಂಗೆ ಮಾಡ್ಕೊಡಿ ಮೇಡಂ. ಜೆರಾಕ್ಸ್ ನಾನೇ ಮಾಡಿಸ್ಕೋತೀನಿ," ಎಂದರು.

ಹೊಸಕೆರೆಹಳ್ಳಿಯ ಹಳೆಯ ಒಕ್ಕಲು ಮನೆಯವರು. ಏಳನೇ ಕ್ಲಾಸಿಗೆ ಓದು ಬಿಟ್ಟು ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ಸೇರಿ, ಅಲ್ಲಿನ ಕಾರ್ಮಿಕರ ಬ್ಯಾಂಡಿನಲ್ಲಿ ಕಾರ್ನೆಟ್ ಕಲಿತಿದ್ದರು. ಅದು ಟ್ರಂಪೆಟ್ಟಿನ ಜಾತಿಯದೇ, ಸ್ವಲ್ಪ ಗಿಡ್ಡ. ಅವರು ನಿವೃತ್ತರಾಗುವ ಹೊತ್ತಿಗೆ ಕಾರ್ಖಾನೆ ಬ್ಯಾಂಡನ್ನು ನಿಲ್ಲಿಸಿತು. ಗುಜರಿಗೆ ಹೋಗಬೇಕಿದ್ದ ವಾದ್ಯಗಳನ್ನು ಕೇಳಿ ಪಡೆದು ಮನೆಗೆ ತಂದರು. ನೆಗ್ಗು ತೆಗೆದು, ಸೋರುವಲ್ಲಿ ಬೆಸುಗೆ ಹಾಕಿ, ಹುಣಿಸೆಹಣ್ಣು ಹಚ್ಚಿ ಬೆಳಗಿ, ಬನಶಂಕರಿ ಎರಡನೇ ಹಂತದ ಪಾರ್ಕೊಂದರಲ್ಲಿ ಭಾನುವಾರ ಬೆಳಿಗ್ಗೆ ಯಾರು ಬಂದರೂ ಕಲಿಸುತ್ತೇನೆಂದು ಬೋರ್ಡು ನೇತುಹಾಕಿದರು. ಕಾಫಿಪುಡಿ ಅಂಗಡಿಯವರು, ಬ್ಯಾಂಕಿನ ಕ್ಯಾಷಿಯರ್, ಬಸ್ ಕಂಡಕ್ಟರ್, ಒಬ್ಬ ದರ್ಜಿ, ಒಬ್ಬರು ನರ್ಸಮ್ಮ, ಹೀಗೆ ಬಡಾವಣೆಯ ಹದಿನಾಲ್ಕು ಜನ ಸೇರಿದ್ದರು. ಗಣೇಶನ ಮೆರವಣಿಗೆ, ಶಾಲೆಗಳ ಕ್ರೀಡಾಕೂಟ, ರಾಜ್ಯೋತ್ಸವ, ಎಲ್ಲಿ ಕರೆದರೂ ಹೋಗಿ ನುಡಿಸುತ್ತಿದ್ದರು.

ಆ ಹದಿನಾಲ್ಕು ಜನರಿಗೆ ಮತ್ತು ಪಾರ್ಕಿನ ನೋಟಿಸ್ ಬೋರ್ಡಿಗೆಂದು ಅವರು ತಿಂಗಳಿಗೊಂದು ಹಾಳೆ ಬರೆಯುತ್ತಿದ್ದರು. ಮುಂದಿನ ಕಾರ್ಯಕ್ರಮ ಎಲ್ಲಿ, ದರ್ಜಿಯವರ ಮಗಳಿಗೆ ಮಗುವಾಯಿತು, ನರ್ಸಮ್ಮನಿಗೆ ವರ್ಗವಾಗುವ ಭಯವಿತ್ತು, ಆಗಲಿಲ್ಲ, ಇಂಥವು. ಆದರೆ ಮೊದಲ ಸಮಾಚಾರ ಯಾವಾಗಲೂ ತಪ್ಪಿನದು. ಅವತ್ತು ನಾನು ಟೈಪ್ ಮಾಡಿದ್ದು ಇದು: 'ಕಳೆದ ಭಾನುವಾರ ಎರಡನೇ ಹಾಡಿನಲ್ಲಿ ಮೇಷ್ಟ್ರು ಅರ್ಧ ತಾಳ ಮುಂಚೆ ಊದಿದರು. ಬೇರೆ ಯಾರದೂ ತಪ್ಪಿಲ್ಲ.'

ನಾನು ಬೆರಳು ನಿಲ್ಲಿಸಿ, ಅಪರಿಚಿತರೆದುರು ಬಹಳ ದಿನಗಳ ಮೇಲೆ ಒಂದು ಪೂರ್ತಿ ವಾಕ್ಯ ಆಡಿದೆ. "ಇದನ್ನ ಯಾಕೆ ಹಾಕ್ತೀರಾ ಸಾರ್? ಯಾರಿಗೂ ಗೊತ್ತಾಗಿರಲ್ಲ."

ನನ್ನ ಧ್ವನಿಗೆ ಎಲ್ಲರ ಮುಖದಲ್ಲೂ ಒಂದು ಕ್ಷಣ ಏನೋ ಆಗುತ್ತಿತ್ತು. ಅವರ ಮುಖದಲ್ಲಿ ಏನೂ ಆಗಲಿಲ್ಲ.

"ತಪ್ಪು ಊರಿಗೆಲ್ಲಾ ಕೇಳಿಸ್ಬಿಟ್ಟಿದೆ ಮೇಡಂ. ಒಪ್ಕೊಳ್ಳೋದು ಮಾತ್ರ ಮನೆ ಒಳಗೇ ಅಂದ್ರೆ ಹೆಂಗೆ?" ಎಂದರು.

ಒಂದು ವರ್ಷ ಹೀಗೆ ಹಾಳೆ ಬಂತು, ಹೋಯಿತು. ಆಮೇಲೊಂದು ಶನಿವಾರ ಅವರು ಬರಲಿಲ್ಲ. ಮುಂದಿನ ವಾರ ಬಂದಾಗ ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದರು. ಬಸ್ಸು ಗಕ್ಕನೆ ಬ್ರೇಕ್ ಹಾಕಿದಾಗ ಮುಂದಿನ ಸೀಟಿನ ಕಂಬಿಗೆ ಮುಖ ಬಡಿದು, ಮೇಲಿನ ಎರಡು ಎದುರು ಹಲ್ಲು ಮುರಿದಿದ್ದವು. ಕಾರ್ನೆಟ್ ಊದುವವನಿಗೆ ಆ ಹಲ್ಲುಗಳೇ ಆಧಾರ, ಅವಿಲ್ಲದೆ ತುಟಿ ನಿಲ್ಲುವುದಿಲ್ಲವೆಂದು ಆಮೇಲೆ ತಿಳಿಯಿತು. ಅವರು ಅದನ್ನೆಲ್ಲ ಹೇಳಲಿಲ್ಲ. ಹಾಳೆ ಮುಂದಿಟ್ಟರು. 'ಮೇಷ್ಟ್ರ ಎರಡು ಹಲ್ಲು ಹೋಗಿವೆ. ಇನ್ನು ಮುಂದೆ ಮೊದಲ ಕಾರ್ನೆಟ್ ಕ್ಯಾಷಿಯರ್ ಅವರದು. ಮೇಷ್ಟ್ರು ಯುಫೋನಿಯಂ ವಿಭಾಗಕ್ಕೆ ಹೊಸ ವಿದ್ಯಾರ್ಥಿಯಾಗಿ ಸೇರಿದ್ದಾರೆ.'

ಮೂವತ್ತು ವರ್ಷದ ವಿದ್ಯೆ ಒಂದು ಬ್ರೇಕಿಗೆ ಹೋಗಿತ್ತು. ಅದನ್ನು ಮೂರು ಸಾಲಿನಲ್ಲಿ ಬರೆದಿದ್ದರು. ಟೈಪ್ ಮಾಡುವಾಗ ನನಗೆ ಕಣ್ಣು ಮಂಜಾಗಿ ಎರಡು ಸಲ ಅಕ್ಷರ ತಪ್ಪಿತು.

"ಬೇಜಾರಾಗಲ್ವಾ ಸಾರ್?" ಎಂದೆ.

"ಆಯ್ತು ತಾಯಿ. ನಾಲ್ಕು ದಿನ ಯಾರ ಜೊತೇನೂ ಮಾತಾಡ್ಲಿಲ್ಲ." ಹಲ್ಲಿಲ್ಲದ ಜಾಗದಿಂದ ಗಾಳಿ ಸೋರಿ ಮಾತು ತೊದಲುತ್ತಿತ್ತು. "ಐದನೇ ದಿನ ನಮ್ಮ ಮನೆಯವ್ಳು ಹೇಳಿದ್ಲು, ದೊಡ್ಡ ಬಾಯಿದು ಇನ್ನೊಂದು ಮೂಲೇಲಿ ಬಿದ್ದಿದೆಯಲ್ಲ, ಅದನ್ನ ನೋಡಿ ಅಂತ. ಅದಕ್ಕೆ ತುಟಿ ಅಷ್ಟು ಬಿಗಿ ಬೇಕಿಲ್ಲ. ಈಗ ಹೊಸಬ್ರ ಬೆಂಚಲ್ಲಿ ನಾನೊಬ್ನೇ ಕೂತಿದ್ದೀನಿ. ಜೊತೆಗೆ ಯಾರಾದ್ರೂ ಬಂದ್ರೆ ವಾಸಿ."

ನನ್ನನ್ನು ಕರೆಯುತ್ತಿದ್ದಾರೆಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನ ಗಂಟಲು ತೋರಿಸಿ ಆಗುವುದಿಲ್ಲವೆಂದು ತಲೆಯಾಡಿಸಿದೆ.

"ಡಾಕ್ಟ್ರನ್ನ ಕೇಳ್ಕೊಂಡು ಬನ್ನಿ. ಊದೋದು ಹೊಟ್ಟೆಯಿಂದ. ಗಂಟ್ಲು ಬರೀ ದಾರಿ," ಎಂದರು.

ಡಾಕ್ಟರು ಊದಬಹುದು ಎಂದರು. ಹೋದೆ. ಯುಫೋನಿಯಂ ಎಂದರೆ ಮಗುವನ್ನು ಎತ್ತಿಕೊಂಡ ಹಾಗೆ ತೋಳಿನಲ್ಲಿ ಹಿಡಿದು ಊದುವ, ತಗ್ಗು ದನಿಯ ದೊಡ್ಡ ವಾದ್ಯ. ಸೀರೆಯುಟ್ಟು ಅದನ್ನು ಅಪ್ಪಿಕೊಂಡು ಕೂತ ನನ್ನನ್ನು ವಾಕಿಂಗ್ ಬಂದವರು ತಿರುಗಿ ತಿರುಗಿ ನೋಡುತ್ತಿದ್ದರು. ಪಕ್ಕದಲ್ಲಿ ಕಟ್ಟಿಸಿಕೊಂಡ ಹಲ್ಲು ಹಾಕಿಕೊಂಡು ಮೇಷ್ಟ್ರು. ತಿಂಗಳುಗಟ್ಟಲೆ ಒಂದೇ ಒಂದು ಸ್ವರವನ್ನು ಇಬ್ಬರೂ ಉದ್ದಕ್ಕೆ ಎಳೆದೆವು. ಕಟ್ಟಿಸಿದ ಹಲ್ಲು ಅಲುಗಿ ಅವರ ಸ್ವರ ನನ್ನದಕ್ಕಿಂತ ಕೆಟ್ಟದಾಗಿ ಒಡೆಯುತ್ತಿತ್ತು. ಅವರೇ ಕಲಿಸಿದ ಕ್ಯಾಷಿಯರ್ ಎದುರಿಗೆ ನಿಂತು ಸಂಕೋಚದಿಂದ, "ಮೇಷ್ಟ್ರೇ, ಸ್ವಲ್ಪ ಕೆಳಗಿದೆ," ಎನ್ನುವರು. "ಹೌದಾ, ಇನ್ನೊಂದ್ಸಲ," ಎಂದು ಇವರು ಮತ್ತೆ ಊದುವರು. ತಾವು ಕಟ್ಟಿದ ಬ್ಯಾಂಡಿನಲ್ಲಿ ಕಟ್ಟಕಡೆಯವರಾಗಿ ಕೂರುವುದು ಎಷ್ಟು ಕಷ್ಟವಿತ್ತೋ, ನನಗೆ ತೋರಿಸಿಕೊಡಲಿಲ್ಲ. ಒಂದು ಸಲ ಮಾತ್ರ ವಾದ್ಯ ಕೆಳಗಿಟ್ಟು ಸುಮ್ಮನೆ ಮರ ನೋಡುತ್ತಾ ಕೂತದ್ದನ್ನು ಕಂಡಿದ್ದೇನೆ. ಆಮೇಲೆ ಮತ್ತೆ ಎತ್ತಿಕೊಂಡರು.

ಎರಡನೇ ವರ್ಷ ನನ್ನನ್ನು ಸ್ವಾತಂತ್ರ್ಯ ದಿನದ ಕಾರ್ಯಕ್ರಮಕ್ಕೆ ಸೇರಿಸಿಕೊಂಡರು. ಶಾಲೆಯೊಂದರ ಮೈದಾನ. ಮಕ್ಕಳು ಸಾಲಾಗಿ ನಿಂತಿದ್ದರು. ಧ್ವಜ ಮೇಲೇರಿತು, ಎಲ್ಲ ಕಡೆ ಮೌನ. ರಾಷ್ಟ್ರಗೀತೆ ಶುರು ಮಾಡಿಸಲು ಎಂದಿನಂತೆ ಮೇಷ್ಟ್ರೇ ಕೈ ಎತ್ತಬೇಕು, ಇನ್ನೂ ಎತ್ತಿರಲಿಲ್ಲ. ಅಷ್ಟರಲ್ಲಿ ನಾನೊಬ್ಬಳೇ ಊದಿಬಿಟ್ಟೆ. ಎಮ್ಮೆ ಕೂಗಿದ ಹಾಗಿತ್ತು. ಮುಖ್ಯ ಅತಿಥಿಗಳು ತಿರುಗಿ ನೋಡಿದರು. ಮಕ್ಕಳ ಸಾಲು ಪೂರ್ತಿ ನಕ್ಕಿತು. ಮೇಷ್ಟ್ರು ನನ್ನ ಕಡೆ ನೋಡದೆ, ನಗು ನಿಲ್ಲುವವರೆಗೆ ಕಾದು, ಕೈ ಎತ್ತಿದರು. ನಾನು ಬರೀ ವಾದ್ಯ ಹಿಡಿದು ನಿಂತಿದ್ದೆ, ಒಂದು ಸ್ವರವೂ ಊದಲಿಲ್ಲ. ಮುಗಿದ ಕೂಡಲೇ ಅದನ್ನು ನರ್ಸಮ್ಮನ ಕೈಗೆ ಕೊಟ್ಟು ಮನೆಗೆ ನಡೆದೆ.

ಎರಡು ಭಾನುವಾರ ಹೋಗಲಿಲ್ಲ. ಬಾಯಿ ತೆಗೆದರೂ ಜನ ನೋಡುತ್ತಾರೆ, ಊದಿದರೂ ನೋಡುತ್ತಾರೆ, ನನಗೆ ಟೈಪ್‌ರೈಟರ್ ಸಾಕು ಅಂತ ತೀರ್ಮಾನಿಸಿದ್ದೆ.

ತಿಂಗಳ ಕೊನೆಯ ಶನಿವಾರ ಮೇಷ್ಟ್ರು ಎಂದಿನಂತೆ ಹಾಳೆ ಹಿಡಿದು ಬಂದರು. ಯಾಕೆ ಬರಲಿಲ್ಲವೆಂದು ಕೇಳಲಿಲ್ಲ. ಹಾಳೆಯಲ್ಲಿ ಮೇಲಿನ ಎರಡು ಸಾಲು ಖಾಲಿ ಬಿಟ್ಟು, ಅದರ ಕೆಳಗಿನಿಂದ ಬರೆದಿದ್ದರು.

"ಇಲ್ಲಿ ಏನು ಹಾಕ್ಲಿ?" ಎಂದೆ, ಗೊತ್ತಿದ್ದೂ.

"ಅದು ನಿಮ್ಮ ಜಾಗ. ನಾನು ಬರೆದ್ರೆ ದೂರು ಆಗ್ತದೆ. ನೀವು ಬರೆದ್ರೆ ಸಮಾಚಾರ."

"ಬರೆಯಲ್ಲ ಅಂದ್ರೆ?"

"ಖಾಲೀನೇ ಇರ್ಲಿ ಬಿಡಿ. ಹಂಗೇ ಜೆರಾಕ್ಸ್ ಮಾಡಿಸ್ತೀನಿ," ಎಂದು ಎದುರಿನ ಸ್ಟೂಲಿನ ಮೇಲೆ ಕೂತು, ಕಿಟಕಿಯಾಚೆ ಮಾರ್ಕೆಟ್ಟಿನ ಕಡೆ ನೋಡತೊಡಗಿದರು.

ನನಗೆ ಸಿಟ್ಟು ಬಂತು. ಕೆಳಗಿನದನ್ನೆಲ್ಲ ಟೈಪ್ ಮಾಡಿ ಮುಗಿಸಿದೆ. ಅವರು ಅಲುಗಲಿಲ್ಲ. ಕೊನೆಗೆ ಕಾಗದವನ್ನು ಮತ್ತೆ ಮೇಲಕ್ಕೆ ತಿರುಗಿಸಿ, ಒಂದೇ ಉಸಿರಿನಲ್ಲಿ ಹೊಡೆದೆ: 'ಧ್ವಜವಂದನೆಯ ದಿನ ಎರಡನೇ ಯುಫೋನಿಯಂನವರು, ಮೇಷ್ಟ್ರು ಕೈ ಎತ್ತುವ ಮೊದಲೇ ಊದಿದರು. ಅದು ಬಸ್ ಸ್ಟಾಪಿನವರೆಗೂ ಕೇಳಿಸಿತು.'

ಅವರು ಓದಿ, ಮಡಿಸಿ ಜೇಬಿಗಿಟ್ಟುಕೊಂಡರು. "ಚೆನ್ನಾಗಿ ಬರ್ದಿದ್ದೀರ," ಎಂದಷ್ಟೇ ಹೇಳಿ ಮೆಟ್ಟಿಲಿಳಿದರು.

ಮರುದಿನ ಪಾರ್ಕಿಗೆ ಹೋದಾಗ ನೋಟಿಸ್ ಬೋರ್ಡಿನಲ್ಲಿ ಹಾಳೆ ಆಗಲೇ ಇತ್ತು. ದೊಡ್ಡ ಡ್ರಮ್ ಬಾರಿಸುವ ಕಾಫಿಪುಡಿ ಅಂಗಡಿಯವರು ನನ್ನನ್ನು ಕಂಡು, "ಮೇಡಂ, ಬಸ್ ಸ್ಟಾಪ್‌ವರೆಗೂ ಅಂತ ಹಾಕಿದ್ದೀರ. ನಮ್ಮ ಅಂಗಡಿ ಅದಕ್ಕೂ ಆಚೆ ಇದೆ. ಅಲ್ಲಿಗೂ ಕೇಳಿಸ್ತಂತೆ, ನಮ್ಮ ಹುಡುಗಿ ಹೇಳಿದ್ಲು," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವಾಗಲೂ ನನ್ನ ಧ್ವನಿ ಕೆಟ್ಟದಾಗಿಯೇ ಬರುತ್ತದೆ, ಅವತ್ತೂ ಹಾಗೇ ಬಂತು. ಮೇಷ್ಟ್ರು ಕೋಲಿನಿಂದ ಸ್ಟ್ಯಾಂಡ್ ತಟ್ಟಿ, "ಸಾಕು, ಶುರು ಮಾಡೋಣ," ಎಂದರು.

ಆಮೇಲೆ ನಾನು ಹತ್ತು ವರ್ಷ ನುಡಿಸಿದೆ. ಮೇಷ್ಟ್ರು ಮೂರನೇ ವರ್ಷಕ್ಕೆ ಯುಫೋನಿಯಂ ಅನ್ನು ಎಷ್ಟು ಹದವಾಗಿ ಊದುತ್ತಿದ್ದರೆಂದರೆ, ಅವರು ಕಾರ್ನೆಟ್ ಬಿಟ್ಟಿದ್ದೇ ಒಳ್ಳೆಯದಾಯಿತೆಂದು ಹಳಬರೇ ಹೇಳುತ್ತಿದ್ದರು. ಆ ಮಾತು ಅವರಿಗೆ ಇಷ್ಟವಾಗುತ್ತಿರಲಿಲ್ಲ. "ಕಾರ್ನೆಟ್ಟು ಕಾರ್ನೆಟ್ಟೇ," ಎನ್ನುತ್ತಿದ್ದರು.

ಎರಡು ಸಾವಿರದ ದಶಕದ ಮಧ್ಯದಲ್ಲಿ ಅವರಿಗೆ ಹೃದಯದ ತೊಂದರೆ ಕಾಣಿಸಿಕೊಂಡಿತು. ಊದಬಾರದೆಂದ ಮೇಲೂ ಭಾನುವಾರ ಬಂದು ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು. ಒಂದು ಬುಧವಾರ ಬೆಳಿಗ್ಗೆ, ಕಾಫಿ ಕುಡಿದು ಪೇಪರ್ ಬಿಡಿಸುವಾಗ ಹೋಗಿಬಿಟ್ಟರು.

ಮುಂದಿನ ಭಾನುವಾರ ಪಾರ್ಕಿನಲ್ಲಿ ಸಂತಾಪ ಸಭೆ ಇಟ್ಟುಕೊಂಡೆವು. ಶಾಮಿಯಾನ ಹಾಕಿಸಿ, ಮೈಕ್ ತರಿಸಿದ್ದರು. ನೆರೆಹೊರೆಯವರು, ಕಾರ್ಖಾನೆಯ ಹಳೆಯ ಸಂಗಾತಿಗಳು, ಸುತ್ತಲ ಶಾಲೆಗಳ ಮೇಡಂಗಳು, ಕೂರಲು ಜಾಗ ಸಾಲದಷ್ಟು ಜನ. ಬ್ಯಾಂಡಿನ ಪರವಾಗಿ ಕ್ಯಾಷಿಯರ್ ಮಾತಾಡಬೇಕಿತ್ತು. ಅವರು ಎದ್ದು ಹೋಗಿ, "ನಮ್ಮ ಮೇಷ್ಟ್ರು..." ಎಂದವರು ಮುಂದೆ ಹೇಳಲಾಗದೆ ಕಣ್ಣೊರೆಸಿಕೊಂಡು ಬಂದು ಕೂತರು. ಯಾರೂ ಏಳಲಿಲ್ಲ. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಕಾಯುತ್ತಾ ಕೂತಿದ್ದರು.

ನಾನು ಎದ್ದು ಹೋಗಿ ಮೈಕ್ ಮುಂದೆ ನಿಂತೆ. ಆಪರೇಷನ್ ಆದಮೇಲೆ ಹತ್ತು ಜನರ ಎದುರಿಗೂ ನಿಂತು ಮಾತಾಡಿದವಳಲ್ಲ. ಮೊದಲ ಮಾತು ಹೊರಬಿದ್ದೊಡನೆ ಹಿಂದಿನ ಸಾಲಿನವರು ಕತ್ತೆತ್ತಿದರು. ಸೌಂಡ್ ಸಿಸ್ಟಂನವನು ಕೆಟ್ಟಿದೆಯೆಂದುಕೊಂಡು ಓಡಿಬಂದು ವೈರ್ ಎಳೆದು, ಮೈಕ್ ತಿರುಗಿಸತೊಡಗಿದ.

"ಮೈಕ್ ಸರಿಯಾಗಿದೆ ಅಣ್ಣ," ಎಂದೆ. ಅದೂ ಮೈಕಿನಲ್ಲೇ ಎಲ್ಲರಿಗೂ ಕೇಳಿಸಿತು. "ನನ್ನ ಧ್ವನೀನೇ ಹೀಗೆ."

ಅವನು ಕೈಬಿಟ್ಟು ಪಕ್ಕಕ್ಕೆ ಸರಿದ. ನಾನು ಮೇಷ್ಟ್ರ ಬಗ್ಗೆ ಮೊದಲಿನಿಂದ ಹೇಳತೊಡಗಿದೆ.