ಕೈ ಕಟ್ಟಿ ನಿಲ್ಲುವ ತರಬೇತಿ

ತೇಗ, ಹಲಸು, ಬೀಟೆ ಎಲ್ಲವನ್ನೂ ಮಣಿಸಿದ ನಮ್ಮ ಭಾವ ಸೋತದ್ದು ತಮ್ಮದೇ ಎರಡು ಕೈಗಳೆದುರು. ಅವರು ಬಡಗಿ. ಉಳಿ ಹಿಡಿದು ನಿಂತರೆ ಎಂಥ ಹಟಮಾರಿ ಬಾಗಿಲೂ ತೆಪ್ಪಗೆ ಚೌಕಟ್ಟಿಗೆ ಶರಣಾಗುತ್ತಿತ್ತು. ಇಂಥ ಪರಾಕ್ರಮಿ ನಮ್ಮ ಚರ್ಚಿನ ಬೇಸಿಗೆ ಸೇವಾ ಶಿಬಿರದಲ್ಲಿ ತಂಡದ ಮುಖಂಡರಾಗಲು ಹೊರಟು, ಎರಡು ಸಲ ನಪಾಸಾಗಿದ್ದರು.

ಶಿಬಿರವೆಂದರೆ, ಕಾಲೇಜು ಮಕ್ಕಳು ಒಂದು ವಾರ ಹೋಗಿ ಕೈಲಾಗದ ಮುದುಕ ಮುದುಕಿಯರ ಮನೆಯ ಮುರಿದ ಮೆಟ್ಟಿಲು, ಸೋರುವ ಚಾವಣಿ ಸರಿಮಾಡಿಕೊಟ್ಟು ಬರುವುದು. ಅದಕ್ಕೊಂದು ವಿಚಿತ್ರ ಕಟ್ಟಳೆ. ಮುಖಂಡ ಸುತ್ತಿಗೆ, ಗರಗಸ ಮುಟ್ಟುವಂತಿಲ್ಲ. ಮೊಳೆ ಸೊಟ್ಟಗಾಗಲಿ, ಹಲಗೆ ಸೀಳಲಿ, ಬಾಯಲ್ಲಿ ಹೇಳಿಕೊಡಬೇಕು. ಕೈ ಬೆನ್ನ ಹಿಂದೆ ಇರಬೇಕು. ಮಕ್ಕಳು ತಾವೇ ಮಾಡಿ ಕಲಿಯಲಿ ಎಂದು. ನಮ್ಮ ಭಾವನಿಗೆ ಇದು ಹಸಿದವನನ್ನು ಅಡುಗೆಮನೆ ಕಾವಲಿಗೆ ಕೂರಿಸಿದ ಹಾಗೆ.

ಮುಖಂಡರಿಗೆ ತರಬೇತಿ ಕೊಟ್ಟು ಪಾಸು ಮಾಡುವವಳು ಅವರ ಮಗಳೇ. ಅವಳು ಮನೆ ಬಿಟ್ಟು ಬೇರೆ ಕೋಣೆ ಮಾಡಿಕೊಂಡು ಎಷ್ಟೋ ಕಾಲವಾಗಿತ್ತು. ದೊಡ್ಡ ಜಗಳವೇನೂ ನಡೆದಿರಲಿಲ್ಲ. ಚಿಕ್ಕಂದಿನಿಂದ ಅವಳು ಕೈಗೆತ್ತಿಕೊಂಡಿದ್ದನ್ನೆಲ್ಲ ಅಪ್ಪ ಕಸಿದುಕೊಂಡು, ತಾವೇ ಚೆಂದವಾಗಿ ಮಾಡಿ ಮುಗಿಸಿದ್ದರು: ಗಾಳಿಪಟ, ಶಾಲೆಗೆ ಒಯ್ಯಬೇಕಿದ್ದ ರಟ್ಟಿನ ಮನೆ, ಕೊನೆಗೆ ಅವಳು ಬರೆಯುತ್ತಿದ್ದ ಕೆಲಸದ ಅರ್ಜಿ ಕೂಡ. ಈ ಬೇಸಿಗೆ ಕಳೆದರೆ ಅವಳು ದೂರದ ಮಿಷನ್ ಶಾಲೆಗೆ ಟೀಚರಾಗಿ ಹೊರಡುವವಳು. ಮರಳಿ ಬರುವ ಮಾತೇ ಆಡುತ್ತಿರಲಿಲ್ಲ. ಅದಕ್ಕೆ ಮೊದಲು ಒಂದು ವಾರ ಅವಳ ಜೊತೆ ಇರಬೇಕು ಎಂಬುದಷ್ಟೇ ಭಾವನ ಆಸೆ.

ಅಕ್ಕ ಮನೆಯಲ್ಲೇ ಅಖಾಡ ತೆರೆದಳು. ತಾನು ಸ್ಟೂಲ್ ಹತ್ತಿ ಗೋಡೆಗೆ ಮೊಳೆ ಹೊಡೆಯುವುದು, ಗಂಡ ಕುರ್ಚಿಯಲ್ಲಿ ಕೂತು ನೋಡುವುದು.

"ಏನ್ರೀ, ಉಸಿರಾದ್ರೂ ಬಿಡಿ!"

"ಸುತ್ತಿಗೆ ಕತ್ತು ಹಿಸುಕ್ತಿದೀಯಲ್ಲೇ. ಹಿಡಿ ತುದೀಲಿ ಹಿಡ್ಕೋ."

"ಬಾಯಿ ಚೆನ್ನಾಗೇ ಇದೆ. ಕೈ ಎಲ್ಲಿ?"

"ತೊಡೆ ಕೆಳಗಿದೆ ಕಣೇ. ಜೋಮು ಹಿಡಿದಿದೆ."

ಗೋಡೆ ಜರಡಿಯಾಯಿತು. ಭಾವ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಅರ್ಧ ಪ್ರಪಂಚ ಗೆದ್ದವರಂತೆ ನಾವು ಮೂವರೂ ಕಾಫಿ ಕುಡಿದೆವು.

ಪರೀಕ್ಷೆ ಚರ್ಚಿನ ಹಿಂದಿನ ಶೆಡ್ಡಿನಲ್ಲಿ. ಗಾಲಿಕುರ್ಚಿ ಹತ್ತಿಸಲು ಒಂದು ಇಳಿಜಾರು ಹಲಗೆ ಮಾಡಿಸಬೇಕು. ಪಾಸ್ಟರ್ ಬೆಂಚಿನ ಮೇಲೆ ಕೂತಿದ್ದರು. ಮರದ ಹೊಟ್ಟು ಗುಡಿಸುವ ನೆಪದಲ್ಲಿ ನಾನೂ ನುಸುಳಿದ್ದೆ. ಒಬ್ಬ ವಿದ್ಯಾರ್ಥಿನಿ ಗರಗಸ ಎಳೆಯತೊಡಗಿದಳು. ಭಾವನ ಹಣೆಯಿಂದ ಬೆವರು ಇಳಿಯಿತು, ಬೆನ್ನ ಹಿಂದಿನ ಕೈ ಇಳಿಯಲಿಲ್ಲ.

"ಗೆರೆ ನೋಡ್ಕೊಂಡು ಕುಯ್ಯಮ್ಮಾ. ಗೆರೆ ಇಲ್ಲಿದೆ, ನೀನು ಆಗಲೇ ಪಕ್ಕದ ಊರು ಸೇರಿದೀಯ."

ಎಲ್ಲರೂ ನಕ್ಕರು. ಮಗಳೂ ನಕ್ಕಳು. "ಚೆನ್ನಾಗಿ ಹೇಳಿಕೊಡ್ತಿದೀಯಪ್ಪ" ಅಂದಳು. ಭಾವ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸುತ್ತಿರುವುದು ನನಗೆ ಕಾಣುತ್ತಿತ್ತು.

ಉಳಿದದ್ದು ಒಂದು ಮೊಳೆ. ಮಕ್ಕಳು ಎಷ್ಟು ಹೊಡೆದರೂ ಅದು ಬಗ್ಗುತ್ತಿತ್ತು. "ಕೊಡಿ, ತೋರಿಸ್ತೀನಿ" ಎಂದು ಮಗಳು ಸುತ್ತಿಗೆ ತೆಗೆದುಕೊಂಡಳು. ಥೇಟ್ ಅವಳಮ್ಮನ ಹಾಗೆ ಅದರ ಕತ್ತು ಹಿಡಿದು ಎತ್ತಿದಳು.

"ಬಿಡಮ್ಮ, ನಾನ್ ಮಾಡ್ತೀನಿ."

ಅಷ್ಟರಲ್ಲಿ ಸುತ್ತಿಗೆ ಭಾವನ ಕೈಗೆ ಬಂದಾಗಿತ್ತು. ಎರಡೇ ಏಟು. ಮೊಳೆಯ ತಲೆ ಹಲಗೆಯೊಳಗೆ ಮುಳುಗಿತು. ಆಮೇಲೆ ಭಾವ ಕೈಯಲ್ಲಿದ್ದ ಸುತ್ತಿಗೆಯನ್ನು, ಬೇರೆ ಯಾರೋ ತಂದಿಟ್ಟು ಹೋಗಿದ್ದಾರೆ ಎಂಬಂತೆ ನೋಡಿದರು.

"ಒಂದು ಮೊಳೆ ತಾನೇ, ಹೋಗಲಿ ಬಿಡಮ್ಮ. ಬರಲಿ ಅವರು" ಅಂದರು ಪಾಸ್ಟರ್.

"ಈ ಮಕ್ಕಳ ಕೈಯಿಂದ ಕಿತ್ಕೊಳ್ಳಲಿಲ್ಲ ಪಾಸ್ಟರ್, ಕಿತ್ಕೊಂಡಿದ್ದು ನನ್ನ ಕೈಯಿಂದ, ನೋಡಿದ್ರಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. "ಸಾಕಪ್ಪ. ಮನೆಗೆ ಹೋಗು. ಹೊರಡೋ ದಿನ ಫೋನ್ ಮಾಡ್ತೀನಿ."

ನಾನು ಪೊರಕೆ ಎತ್ತಿಕೊಂಡು, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದೆ.

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. "ಏನಂದ್ಲು?"

ಭಾವ ಚಪ್ಪಲಿ ಬಿಡಲು ಬಹಳ ಹೊತ್ತು ತೆಗೆದುಕೊಂಡರು.

"ಮೊಳೆ ನೇರವಾಗಿ ಇಳೀತು ಕಣೇ" ಅಂದರು.