ಜೋಳಿಗೆಗೆ ಹಾಕಿದ ಸಿಹಿ

ಬಿಸ್ಕೀಟು ತಿನ್ನಬೇಕೆಂದರೆ ಮನೆಯಿಂದಲೇ ಹಿಟ್ಟು ಹೊತ್ತುಕೊಂಡು ಹೋಗಬೇಕಾಗಿದ್ದ ದಿನಗಳವು. ಗುಡಗೇರಿ ಸಂತೆಯ ದಿನ ನಮ್ಮ ಚಿಗವ್ವ ಗೋಧಿಹಿಟ್ಟು, ಸಕ್ಕರೆ, ಡಾಲ್ಡಾ ಗಂಟು ಕಟ್ಟಿಕೊಂಡು ಬೇಕರಿಯ ಭಟ್ಟಿಗೆ ಹೋಗುತ್ತಿದ್ದಳು. ಸಂಜೆ ಬಸ್ಸಿನಿಂದ ಇಳಿಯುವಾಗ ಅವಳ ಬಗಲಲ್ಲಿ ತಗಡಿನ ಡಬ್ಬಿ, ಡಬ್ಬಿಯ ತುಂಬ ಬಿಸ್ಕೀಟು. ತಗಡು ಇನ್ನೂ ಬೆಚ್ಚಗಿರುತ್ತಿತ್ತು. ಮರುದಿನವೂ ಅವಳ ಸೆರಗಿಗೆ ಭಟ್ಟಿಯ ವಾಸನೆ ಇರುತ್ತಿತ್ತು. ಗಿರಿಜಿ ಮತ್ತು ನಾನು ಆ ಸೆರಗು ಹಿಡಿದೇ ಮನೆಯೆಲ್ಲ ತಿರುಗುತ್ತಿದ್ದೆವು.

ಗಿರಿಜಿ ಎಂದರೆ ಚಿಗವ್ವನ ಮಗಳು. ನನ್ನ ವಾರಿಗೆಯವಳು. ಒಂದೇ ಮನೆ, ಒಂದೇ ಒಲೆ, ಒಂದೇ ಡಬ್ಬಿ. ಇಬ್ಬರೂ ತಿನ್ನುತ್ತಿದ್ದುದು ಅಷ್ಟಷ್ಟೇ. ಅವಳು ತಿಂದದ್ದು ಎಲ್ಲಿ ಹೋಗುತ್ತಿತ್ತೋ ಆ ಶಿವನೇ ಬಲ್ಲ. ನಾನು ತಿಂದದ್ದು ಎಲ್ಲಿ ಹೋಯಿತೆಂಬುದು ಮಾತ್ರ ಊರಿಗೆಲ್ಲ ಕಾಣುತ್ತಿತ್ತು.

ಆ ವರ್ಷ ಆಷಾಢ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ನಾವು ಹೆಣ್ಣುಮಕ್ಕಳೆಲ್ಲ ಕೂಡಿದ್ದೆವು. ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದವಳು, ಗೋಡೆಗೆ ಆತು ಕುಳಿತಿದ್ದಳು. ಅವ್ವ, ಚಿಗವ್ವ ಎದುರಿಗೆ. ನಡುವೆ ಚಾಪೆಯ ಮೇಲೆ ಹೊಸ ಪರಕಾರ, ಪೋಲಕಾ, ಅಂದರೆ ಲಂಗ, ಕುಪ್ಪಸ. ಆಯಿ ತನ್ನ ಮದುವೆಯ ಇಳಕಲ್ಲ ಸೀರೆಯನ್ನೇ ಕತ್ತರಿಸಿ ಹೊಲಿಸಿದ್ದಳು. ಹರಿದುಹೋದದ್ದು ಬಿಟ್ಟು ಉಳಿದದ್ದು ಒಬ್ಬ ಹುಡುಗಿಗೆ ಆಗುವಷ್ಟೇ ಅರಿವೆ. "ಇಬ್ಬರೂ ಒಂದ ವಯಸ್ಸಿನವರು, ಒಬ್ಬಾಕಿ ಅಳತಿ ತಗೊಂಡ್ರ ಸಾಕು" ಎಂದು ಟೇಲರನಿಗೆ ಹೇಳಿದ್ದಳಂತೆ. ಅವತ್ತು ನನಗೆ ಜ್ವರ. ಅವಳ ಜೊತೆ ಹೋದವಳು ಗಿರಿಜಿ.

ಗಿರಿಜಿಗೆ ಅದು ಮೈಮೇಲೆ ಬೆಳೆದ ಹಾಗೆ ಕೂತಿತು. ಆಮೇಲೆ ನನ್ನ ಸರದಿ.

"ಉಸರ ಹಿಡಿ," ಎಂದಳು ಅವ್ವ. ಹಿಡಿದೆ. ಹುಕ್ಕುಗಳು ಹತ್ತಿರ ಬಂದವು, ಕೂಡಲಿಲ್ಲ.

"ಇನ್ನಷ್ಟ ಹಿಡಿ."

"ಇನ್ನ ಹಿಡದರ ಸಾಯತೇನ ಬೇ!"

ಗಿರಿಜಿ ಕಿಸಕ್ಕನೆ ನಕ್ಕಳು. "ಆಯಿ, ಆಕಿಗೆ ಟ್ರ್ಯಾಕ್ಟರಿನ ತಾಡಪತ್ರಿ ಹೊಲಿಸು, ಆಗ ಹೊಂದತೈತಿ."

ನನ್ನ ಕಣ್ಣಲ್ಲಿ ನೀರು ಕಂಡು ಆಯಿ ಪಂಚಾಯಿತಿ ಮಾಡಿದಳು. ಶ್ರಾವಣವಿಡೀ ಮಠದಲ್ಲಿ ಪ್ರವಚನ ಇರುತ್ತಿತ್ತು. ಮುಗಿಯುವ ದಿನ ಹೆಣ್ಣುಹುಡುಗಿಯರು ಆರತಿ ಹಿಡಿಯಬೇಕು. "ಆವತ್ತ ಯಾರಿಗೆ ಹೊಂದತೈತಿ, ಅವರ ಉಟಗೊಂಡ ಆರತಿ ಹಿಡೀಲಿ. ಅಲ್ಲೀತನಕ ನನ್ನ ಟ್ರಂಕಿನಾಗ ಇರತೈತಿ."

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆ ನೋಟದಲ್ಲೇ ನನ್ನ ಉಂಡಿ, ಬಿಸ್ಕೀಟು ಎಲ್ಲ ಹೋದವು ಎಂದು ನನಗೆ ತಿಳಿಯಿತು.

ನಮ್ಮೂರ ಮಠದ ಸ್ವಾಮಿಗಳಿಗೆ ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಶ್ರಾವಣದ ಮೊದಲ ಸೋಮವಾರ ಅವರು ಜೋಳಿಗೆ ಹಿಡಿದು ಓಣಿ ಓಣಿ ಬರುತ್ತಿದ್ದರು. ಅದಕ್ಕೆ ಕಾಳು ಹಾಕುವಂತಿರಲಿಲ್ಲ, ಚಟ ಹಾಕಬೇಕು. ತಂಬಾಕು ತಿನ್ನುವವರು ತಂಬಾಕು, ಬೀಡಿ ಸೇದುವವರು ಬೀಡಿ. ಹಾಕಿದ್ದು ಹಾಕಿದ್ದೇ, ಅಜ್ಜಾರು ತಾವಾಗಿ ತಿರುಗಿ ಕೊಡುವತನಕ ಮುಟ್ಟಿದರೆ ನಾಲಗೆಗೆ ಹುಣ್ಣಾಗುತ್ತದೆಂದು ನಾವು ಹುಡುಗರು ನಂಬಿದ್ದೆವು. ಅವತ್ತು ನಮ್ಮ ಬಾಗಿಲಿಗೆ ಬಂದಾಗ ಗಿರಿಜಿಯ ಅಪ್ಪ, ನಮ್ಮ ಕಾಕಾ, ತಲೆ ತಗ್ಗಿಸಿ ತಂಬಾಕಿನ ಚೀಟು ಹಾಕಿದ. ಅಜ್ಜಾರು ಹೊರಡಬೇಕು, ಅಷ್ಟರಲ್ಲಿ ಅವ್ವ ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದಳು.

"ಈಕಿದೂ ಒಂದ ಚಟ ಐತ್ರಿ ಅಜ್ಜಾರ."

"ಏನವ್ವ ತಂಗಿ ನಿಂದು?"

ಕಟ್ಟೆಯ ಮೇಲೆ ಓಣಿಯ ಹೆಂಗಸರೆಲ್ಲ ನಿಂತಿದ್ದರು. "ಸೀ ತಿನ್ನೂದ್ರಿ," ಎಂದೆ.

"ಯಾವ ಸೀ?"

"ಉಂಡಿ, ಹೋಳಿಗಿ... ಬಿಸ್ಕೀಟ."

"ಚಾದಾಗಿನ ಸಕ್ಕರಿ?"

ಅವ್ವನ ಮುಖ ನೋಡಿದೆ. ಅವಳು ಗೋಣು ಹಾಕಿದಳು. "ಅದೂ ರೀ."

"ಯಾಕ ಬಿಡ್ತಿ ಮತ್ತ?"

ನಾನು ಬಾಯಿ ತೆರೆಯುವುದರೊಳಗೆ ಹಿಂದಿನಿಂದ ಗಿರಿಜಿ ಕೂಗಿದಳು: "ಪೋಲಕಾ ಹೊಂದವಲ್ದರಿ ಆಕಿಗೆ!"

ಕಟ್ಟೆಯೆಲ್ಲ ನಕ್ಕಿತು. ಅಜ್ಜಾರು ತುಟಿ ಕಚ್ಚಿ ಜೋಳಿಗೆಯ ಬಾಯಿ ಅಗಲಿಸಿದರು. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಖಾಲಿ ಮುಷ್ಟಿಯನ್ನೇ ಒಳಗೆ ಬಿಟ್ಟು ಬಿಚ್ಚಿದೆ.

ಅದೇ ವಾರ ಪಂಚಮಿ. ನಮ್ಮ ಕಡೆ ಪಂಚಮಿ ಬರುವುದೇ ಉಂಡಿಗಾಗಿ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ಅಳ್ಳಿಟ್ಟು. ಹುರಿದ ಶೇಂಗಾದ ವಾಸನೆ ಮಳೆಗೆ ತೊಯ್ದ ಎರೆಮಣ್ಣಿನ ವಾಸನೆಯೊಳಗೆ ಬೆರೆತು ಓಣಿಯ ತುದಿಯತನಕ ಹೋಗುತ್ತಿತ್ತು. ಉಂಡಿ ಕಟ್ಟಲು ನನ್ನ ಕೈ ಬೇಕು, ತಿನ್ನಲು ನನ್ನ ಬಾಯಿ ಬೇಡ. ಬೆಲ್ಲದ ಪಾಕ ಬೆರಳಿಗೆ ಅಂಟಿಕೊಂಡಿರುವಾಗ ಅವ್ವ ತಿರುಗದೆಯೇ ಹೇಳುತ್ತಿದ್ದಳು: "ಕೈ ನೆಕ್ಕೀ ಅಂದ್ರ ನೋಡ ಮತ್ತ!"

ಗಿರಿಜಿ ಹೊಸ್ತಿಲ ಮೇಲೆ ನನಗೆ ಕಾಣುವ ಹಾಗೆಯೇ ಕೂರುತ್ತಿದ್ದಳು. ಉಂಡಿಯನ್ನು ದವಡೆಗೆ ಒತ್ತಿ ಒಂದು ಗಲ್ಲ ಉಬ್ಬಿಸಿಕೊಂಡು, ಸಾವಕಾಶ. ಬಿಸ್ಕೀಟಾದರೆ ಅದರದ್ದೇ ಒಂದು ಆಟ. ಚಹಾದೊಳಗೆ ಅದ್ದಿ, ಮೆತ್ತಗಾಗಿ ತಲೆ ಬಾಗಿಸುವತನಕ ಮೇಲೆ ಹಿಡಿದು, "ನೋಡ ನೀಲಿ, ಬೀಳತೈತಿ... ಬೀಳತೈತಿ..." ಎನ್ನುತ್ತಿದ್ದಳು. ಬೀಳಲಿ ಎಂದು ನಾನು ಕಂಡ ದೇವರನ್ನೆಲ್ಲ ಬೇಡಿಕೊಂಡೆ. ಒಂದು ಸಲವೂ ಬೀಳಲಿಲ್ಲ. ಅವಳ ಹೊಟ್ಟೆ ನೋಯಲಿ ಎಂದೂ ಬೇಡಿದೆ. ಒಂದು ದಿನ ನಿಜವಾಗಿ ನೋವು ಬಂತು, ಮಧ್ಯಾಹ್ನದೊಳಗೆ ಇಳಿದೂ ಹೋಯಿತು. ದೇವರು ನನ್ನ ಮಾತನ್ನು ಅರ್ಧ ಮಾತ್ರ ಕೇಳಿದ ಎಂದು ನನಗೆ ಬೇಸರವಾಯಿತು.

ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿಯಲ್ಲಿ ಅವಳು ನಿಂತು ಜೀಕಿದರೆ ಪಾದ ಎಲೆಗೆ ತಾಗುತ್ತಿತ್ತು. ನಾನು ಕೂತರೆ ಟೊಂಗೆ ಕಿರ್ ಎನ್ನುತ್ತಿತ್ತು. ಹುಡುಗರು "ಗಿಡಾ ಬಿತ್ತಲೇ, ಓಡ್ರಿ!" ಎಂದು ಕೂಗುತ್ತ ಚದುರುತ್ತಿದ್ದರು. ರಾತ್ರಿ ಚಾಪೆಯ ಮೇಲೆ ಅವಳು ನನ್ನ ಪಕ್ಕದಲ್ಲೇ ಮಲಗಬೇಕು. ಅವಳ ಉಸಿರಿನಲ್ಲಿ ಯಾಲಕ್ಕಿ. ನಾನು ಆ ಕಡೆ ಹೊರಳಿ ಗೋಡೆ ನೋಡುತ್ತಿದ್ದೆ.

ಮುಂದಿನ ಸೋಮವಾರ ಆಯಿ ನನ್ನನ್ನು ಪ್ರವಚನಕ್ಕೆ ಕರೆದುಕೊಂಡು ಹೋದಳು. ಪ್ರವಚನ ಮುಗಿದ ಮೇಲೆ ಪ್ರಸಾದದ ಪಂಕ್ತಿ. ಅಜ್ಜಾರು ಬಂದು ಕೊಪ್ಪರಿಗೆ ಮುಟ್ಟಿ ನಮಸ್ಕರಿಸಿದರು, ಬಡಿಸುವವರು ಹೊರಟರು. ಗೋಧಿ ಹುಗ್ಗಿ. ಬೆಲ್ಲ, ಹಾಲು, ಗಸಗಸೆ, ತುರಿದ ಕೊಬ್ಬರಿ. ಹಬೆ ಮುಖಕ್ಕೆ ಹೊಡೆದಾಗ ನನಗೆ ಅಳುವೇ ಬಂತು. ತಾಟಿನ ಮೇಲೆ ಕೈ ಅಡ್ಡ ಹಿಡಿದೆ.

ಬಡಿಸುವವರು ನಿಂತರು. "ಪ್ರಸಾದಕ್ಕ ಒಲ್ಲೆ ಅನಬಾರದವ್ವ."

"ಆಯಿ," ಎಂದೆ, "ಇದು ಸೀ ಅಲ್ಲನ?"

ಆಯಿ ಕೊಪ್ಪರಿಗೆಯ ಕಡೆ ನೋಡಿದಳು, ಅಜ್ಜಾರ ಕಡೆ ನೋಡಿದಳು. ಬಡಿಸುವವರ ಸವುಟು ಗಾಳಿಯಲ್ಲೇ ಇತ್ತು. "ಒಲಿ ಮ್ಯಾಲ ಇದ್ದಾಗ ಸೀ," ಎಂದಳು ಕೊನೆಗೆ. "ಅಜ್ಜಾರ ಹಸ್ತ ಮುಟ್ಟಿದ ಮ್ಯಾಲ ಪ್ರಸಾದ. ಕೈ ತಗೀ."

ತೆಗೆದೆ.

ಅವತ್ತಿನಿಂದ ನನ್ನ ಭಕ್ತಿ ಊರಿನ ಮಾತಾಯಿತು. ದಿನಾ ಸಂಜೆ ಹಣೆತುಂಬ ವಿಭೂತಿ ಬಳಿದುಕೊಂಡು ಎಲ್ಲರಿಗಿಂತ ಮೊದಲು ಮಠದಲ್ಲಿ ನಾನೇ. ಪ್ರವಚನದ ಒಂದು ಅಕ್ಷರ ನೆನಪಿಲ್ಲ. ಯಾವ ದಿನ ಹುಗ್ಗಿ, ಯಾವ ದಿನ ಮಾದಲಿ ಎಂಬುದು ಈಗಲೂ ನೆನಪಿದೆ. ಮನೆಯಲ್ಲಿ ಸಪ್ಪೆ ಚಹಾ ಕುಡಿದು, ಬಿಸ್ಕೀಟಿನ ಡಬ್ಬಿಯ ಕಡೆ ಕಣ್ಣೆತ್ತದೆ ಇರುತ್ತಿದ್ದೆ. ಅವ್ವ ಬಾವಿಕಟ್ಟೆಯಲ್ಲಿ ಹೇಳಿಕೊಂಡು ಬಂದಳು: "ನಮ್ಮ ನೀಲಿ ಸೀ ಬಿಟ್ಟಾಕಿ ಮಠಾನ ಹಿಡದಾಳ್ರಿ!" ಓಣಿಯ ಹೆಂಗಸರು ತಮ್ಮ ಹುಡುಗಿಯರಿಗೆ ನನ್ನನ್ನು ತೋರಿಸಿ ಬೈಯತೊಡಗಿದರು. ಚಿಗವ್ವನೂ ಗಿರಿಜಿಗೆ, "ಆಕಿನ್ನ ನೋಡಿ ಕಲಿ, ಬರೇ ತಿಂತಿ" ಎಂದಳು. ಗಿರಿಜಿಯ ಬಾಯಲ್ಲಿ ಉಂಡಿ ಇತ್ತು. ಅವಳು ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಆ ನೋಟ ನನಗೆ ಪರಿಚಿತ. ಅಷ್ಟು ದಿನ ನಾನು ಅವಳನ್ನು ನೋಡಿದ್ದು ಹಾಗೆಯೇ.

ಪ್ರವಚನ ಮುಗಿಯುವ ದಿನ ಬಂತು. ಆಯಿ ಟ್ರಂಕು ತೆಗೆದಳು. ನಾನು ಧೈರ್ಯದಿಂದಲೇ ಕೈ ಎತ್ತಿ ನಿಂತೆ, ಭಕ್ತಿಗೆ ಅಷ್ಟಾದರೂ ಫಲ ಇರಬೇಡವೇ? ಅವ್ವ ಎಳೆದಳು, ಚಿಗವ್ವ ಎಳೆದಳು. ಮೊದಲು ಬೆರಳು ತೂರುವಷ್ಟಿದ್ದ ಸಂದು ಈಗ ಅಂಗೈ ತೂರುವಷ್ಟಾಗಿತ್ತು.

"ಚಾದಾಗ ಸುದ್ದಾ ಸಕ್ಕರಿ ಹಾಕಿಲ್ಲಲ್ಲ ನಾ!" ಎಂದು ಅವ್ವ ಬಾಯಿಮೇಲೆ ಕೈಯಿಟ್ಟುಕೊಂಡಳು. "ಗಾಳಿ ಕುಡದ ಬೆಳೀತೈತೇನ ಇದು?"

"ಗಾಳಿ ಅಲ್ಲ ದೊಡ್ಡವ್ವ," ಎಂದಳು ಗಿರಿಜಿ. "ಹುಗ್ಗಿ. ದಿನಾ ಮಠದಾಗ ಮತ್ತ ಮತ್ತ ನೀಡಿಸ್ಕೋತಾಳ. ನಾ ಕಂಬದ ಮರಿಗೆ ನಿಂತ ನೋಡೇನಿ."

ಆಯಿ ಹೊರಗೆ ದನ ಬಂದ ಹಾಗೆ ಬಾಗಿಲ ಕಡೆ ತಿರುಗಿ ಕುಳಿತಳು.

ಪರಕಾರ ಗಿರಿಜಿಯ ಮೈಗೇರಿತು. ನನ್ನನ್ನು ಅವ್ವ ರಟ್ಟೆ ಹಿಡಿದು ಮಠಕ್ಕೆ ಎಳೆದುಕೊಂಡು ಹೋದಳು. ಆರತಿ ಮುಗಿದದ್ದೇ ತಡ, ಅಜ್ಜಾರ ಮುಂದೆ ನಿಲ್ಲಿಸಿ, "ಜೋಳಿಗಿಗೆ ಹಾಕಿದ್ದನ್ನ ತಿಂದಾಳ್ರಿ, ನೀವ ಏನರ ಹೇಳ್ರಿ" ಎಂದಳು.

ನಾನು ಅಳುತ್ತ, "ಆಯಿನ ಹೇಳ್ಯಾಳ್ರಿ, ಪ್ರಸಾದ ಸೀ ಅಲ್ಲಂತ!" ಎಂದೆ.

ಅಜ್ಜಾರು ಆಯಿಯನ್ನು ನೋಡಿದರು. ಆಯಿ ಸೆರಗು ಸರಿಮಾಡಿಕೊಂಡಳು. "ಮತ್ತೇನ್ರಿ? ಪ್ರಸಾದಕ್ಕ ಸೀ, ಖಾರ ಅಂತ ಇರತೈತೇನ್ರಿ?"

ಅಜ್ಜಾರು ನಕ್ಕರು ನೋಡಿ, ಹೆಗಲಿನ ಶಾಲು ಜಾರಿ ಬಿತ್ತು. ಆಮೇಲೆ ನನ್ನನ್ನು ಹತ್ತಿರ ಕರೆದರು. ನನ್ನ ಕಣ್ಣು ಅವರ ಮೇಲಿರಲಿಲ್ಲ. ಕಂಬದ ಪಕ್ಕದಲ್ಲಿ ಗಿರಿಜಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ದೀಪದ ಬೆಳಕಿಗೆ ಆಯಿಯ ಸೀರೆಯ ಕೆಂಪು ಅಂಚು ಅವಳ ಕಾಲ ಸುತ್ತ ಹೊಳೆಯುತ್ತಿತ್ತು. ಅಜ್ಜಾರೂ ಆ ಕಡೆ ನೋಡಿದರು.

"ನಿನ್ನ ಸೀ ನೀ ತಿರುಗಿ ತಗೋ ತಂಗಿ. ಅದರ ಬದಲಿ ಆ ಹೊಟ್ಟಿಕಿಚ್ಚ ಹಾಕ್ತೀಯೇನ?"

ಜೋಳಿಗೆಯ ಬಾಯಿ ನನ್ನ ಮುಂದೆ ತೆರೆದಿತ್ತು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ.

"ಅದನ್ನ ಕೊಡಾಂಗಿಲ್ರಿ," ಎಂದೆ.

ಈಗ ಭಟ್ಟಿಗೆ ಹಿಟ್ಟು ಒಯ್ಯುವವರು ಯಾರೂ ಇಲ್ಲ. ಬಿಸ್ಕೀಟಿನ ಪಾಕೀಟುಗಳು ಅಂಗಡಿ ಅಂಗಡಿಯಲ್ಲಿ ಸರದ ಹಾಗೆ ತೂಗುತ್ತವೆ. ಪಂಚಮಿ ಉಂಡಿ ಹುಬ್ಬಳ್ಳಿಯಿಂದ ರಟ್ಟಿನ ಡಬ್ಬಿಯಲ್ಲಿ ಬರುತ್ತದೆ, ವಾರ ಕಳೆದರೂ ಅರ್ಧ ಹಾಗೇ ಇರುತ್ತದೆ. ಆಯಿ ಇಲ್ಲ, ಒಲೆಯ ಮೇಲಿನ ಸಿಹಿ ಯಾವಾಗ ಪ್ರಸಾದವಾಗುತ್ತದೆಂದು ತೀರ್ಪು ಕೊಡುವವರೂ ಇಲ್ಲ. ನಮ್ಮ ಮಕ್ಕಳು ಸಿಹಿಯನ್ನು ತಾವೇ ಬಿಡುತ್ತಾರೆ, ಯಾರಿಗೂ ಹೇಳದೆ. ಒಬ್ಬರ ತಾಟಿನಲ್ಲಿ ಏನಿದೆ ಎಂದು ಇನ್ನೊಬ್ಬರು ತಿರುಗಿಯೂ ನೋಡುವುದಿಲ್ಲ.

ಹೋದ ಪಂಚಮಿಗೆ ಗಿರಿಜಿ ಮತ್ತು ನಾನು ಇಬ್ಬರೂ ತವರಿಗೆ ಬಂದಿದ್ದೆವು. ಅವಳನ್ನು ಕೊಟ್ಟದ್ದು ಕಲಘಟಗಿಗೆ. ಈಗ ಅವಳೂ ನನ್ನಷ್ಟೇ ಆಗಿದ್ದಾಳೆ. ಸಕ್ಕರೆ ಕಾಯಿಲೆ ಬೇರೆ. ಬ್ಯಾಗಿನಿಂದ ಆ ಪೋಲಕಾ ತೆಗೆದಳು. ಇಷ್ಟು ವರ್ಷ ಇಟ್ಟುಕೊಂಡಿದ್ದಳು. ಮೊದಲು ಅವಳು ತೋಳು ತೂರಿಸಿದಳು, ಆಮೇಲೆ ನಾನು. ಇಬ್ಬರಿಗೂ ಮೊಣಕೈ ದಾಟಲಿಲ್ಲ. ನಗುತ್ತ ನಗುತ್ತ ಪಡಸಾಲೆಯಲ್ಲೇ ಕೂತೆವು.

ನಾನು ಆಯಿ ಕಲಿಸಿದ ಅಳತೆಯಲ್ಲೇ ಶೇಂಗಾ ಉಂಡಿ ಕಟ್ಟಿ ಚಿಗವ್ವನ ಹಳೆಯ ತಗಡಿನ ಡಬ್ಬಿಯಲ್ಲಿ ಹಾಕಿದ್ದೆ. ಮುಂದಿಟ್ಟೆ. ಗಿರಿಜಿ ಒಂದನ್ನು ತೆಗೆದು ಮೂಗಿಗೆ ಹಿಡಿದಳು. ನಡುವೆ ಮುರಿದು ಅರ್ಧ ನನ್ನ ಕೈಯಲ್ಲಿಟ್ಟಳು, ಇನ್ನರ್ಧ ಡಬ್ಬಿಗೆ ಹಾಕಿ ಅಂಗೈಯಿಂದ ಮುಚ್ಚಳ ಒತ್ತಿದಳು. ತನ್ನ ಸಪ್ಪೆ ಚಹಾ ಎತ್ತಿಕೊಂಡಳು.

"ತಿನ್ನ," ಎಂದಳು.

ನಾನು ತಿನ್ನತೊಡಗಿದೆ. ಅವಳ ಕಣ್ಣು ನನ್ನ ಕೈಮೇಲೆಯೇ ಇತ್ತು.